ಲಾರಿಯಲ್ಲ, ಲೋರಿ!

‘ನಿಮ್ಮ ಮನೆಯಲ್ಲಿ ಲೋರಿ ಇದೆಯೇ?’ ಎಂದು ಹುಣಸೂರಿನ ಪೇಟೆಯಲ್ಲಿ ಕೇಳಿ ನೋಡಿ. ‘ಆರು ಚಕ್ರದ್ದೋ, ಹತ್ತು ಚಕ್ರದ್ದೋ?’ ಎಂಬ ಮರುಪ್ರಶ್ನೆ ಬಂದೀತು! ಹೊಗೆಸೊಪ್ಪು ಹೊರುವ ಲಾರಿಯೇ ನಮಗೆ ಪರಿಚಿತ. ಲೋರಿ ಒಂದು ಗಿಳಿ. ಮಲಯ ಭಾಷೆಯ ‘ಲೂರಿ’ ಎಂಬ ಪದದಿಂದ ಈ ಹೆಸರು ಬಂದಿದೆ. ಇಂಡೊನೇಷ್ಯದ ದ್ವೀಪಗಳು, ನ್ಯೂಗಿನಿ, ಆಸ್ಟ್ರೇಲಿಯ ಇದರ ತವರು. ಕಡುಗೆಂಪು, ನೀಲಿ, ಹಸಿರು, ಕಿತ್ತಳೆ ಬಣ್ಣಗಳನ್ನು ಮೈಮೇಲೆ ಸುರಿದುಕೊಂಡಂಥ ರೂಪ. ನೋಡಿದವರು ಮರುಳಾಗಿ ‘ನಮಗೂ ಒಂದಿರಲಿ’ ಎಂದುಕೊಳ್ಳುವುದು ಸಹಜ. ತೊಂದರೆ ಶುರುವಾಗುವುದು ಊಟದ ಹೊತ್ತಿಗೆ.

ಗಿಳಿ ಎಂದ ಮೇಲೆ ಭತ್ತ, ನವಣೆ, ಹಸಿಮೆಣಸಿನಕಾಯಿ ಹಾಕಿದರಾಯಿತು ಎಂಬುದು ನಮ್ಮ ಕಡೆಯ ತಿಳಿವಳಿಕೆ. ಕೆ.ಆರ್. ನಗರದ ಗದ್ದೆಗೆ ದಾಳಿಯಿಡುವ ನಮ್ಮ ಹಸಿರು ಗಿಳಿಗೆ ಅದು ಸರಿ. ಲೋರಿಯದೋ ಬೇರೆಯೇ ಕಥೆ. ಇದರ ನಾಲಿಗೆಯ ತುದಿಯಲ್ಲಿ ಸಣ್ಣ ಸಣ್ಣ ಎಳೆಗಳಿದ್ದು, ಚಾಚಿದಾಗ ಕುಂಚದಂತೆ ಅರಳುತ್ತವೆ. ಹೂವಿನೊಳಗೆ ಅದನ್ನಿಟ್ಟು ಮಕರಂದವನ್ನೂ ಪರಾಗವನ್ನೂ ಒರೆಸಿಕೊಳ್ಳುತ್ತದೆ. ಮಕರಂದ ಶಕ್ತಿ ಕೊಟ್ಟರೆ ಪರಾಗ ಸಸಾರಜನಕ ಒದಗಿಸುತ್ತದೆ. ಕಾಳು ಅರೆಯುವ ಜಠರದ ಸ್ನಾಯು ಇದರಲ್ಲಿ ದುರ್ಬಲ. ಬರೀ ಕಾಳು ತಿನ್ನಿಸಿದರೆ ಬಟ್ಟಲು ತುಂಬಿದ್ದರೂ ಹಕ್ಕಿ ಸೊರಗುತ್ತದೆ.

ಹಾಗೆಂದು ಸಕ್ಕರೆ ನೀರೊಂದೇ ಸಾಲದು. ಲೋರಿಗೆಂದೇ ತಯಾರಾದ ಮಕರಂದದ ಪುಡಿ ಸಿಗುತ್ತದೆ. ಅದನ್ನು ನೀರಿನಲ್ಲಿ ಕಲಸಿ, ಜೊತೆಗೆ ಪರಂಗಿ, ಸೀಬೆ, ಮಾವಿನ ಹೋಳು ಕೊಡಬೇಕು. ಕಲಸಿದ್ದು ನಮ್ಮ ಸೆಕೆಗೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಆದ್ದರಿಂದ ದಿನಕ್ಕೆರಡು ಬಾರಿ ಹೊಸದಾಗಿ ಕಲಸಿ, ಉಳಿದದ್ದನ್ನು ಚೆಲ್ಲಿ, ಬಟ್ಟಲು ತೊಳೆಯಬೇಕು. ಬೆಣ್ಣೆಹಣ್ಣು ವಿಷ. ಇನ್ನು ಬೆಲ್ಲ: ರಕ್ತಹೀನತೆಯ ಮಗುವಿಗೆ ನಾವು ಬೆಲ್ಲ ತಿನ್ನು ಎನ್ನುತ್ತೇವಲ್ಲ, ಅದರಲ್ಲಿರುವ ಕಬ್ಬಿಣವೇ ಇಲ್ಲಿ ಅಪಾಯ. ಲೋರಿಗಳ ಯಕೃತ್ತಿನಲ್ಲಿ ಕಬ್ಬಿಣ ಶೇಖರವಾಗಿ ಕಾಯಿಲೆ ಬರುವುದುಂಟು.

ಕುಡಿಯುವುದು ದ್ರವವಾದ್ದರಿಂದ ಹಿಕ್ಕೆಯೂ ದ್ರವವೇ, ಅದೂ ಪಿಚಕಾರಿಯಂತೆ! ಪಂಜರದ ಮೂರು ಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟದಿದ್ದರೆ ಗೋಡೆಯ ಗತಿ ಮುಗಿಯಿತು. ಹಕ್ಕಿಯ ಶ್ವಾಸಾಂಗ ಬಲು ನಾಜೂಕು. ಅಂಟದ ಲೇಪನದ ಬಾಣಲೆ ಅತಿಯಾಗಿ ಕಾದಾಗ ಬರುವ ಹಬೆ ಪ್ರಾಣವನ್ನೇ ತೆಗೆದೀತು, ಅಡುಗೆಮನೆ ಬೇಡ. ಹುಣಸೂರು, ಪಿರಿಯಾಪಟ್ಟಣದವರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಬಳಿಯಂತೂ ಇಡಲೇಬಾರದು. ಔಷಧಿ ಹೊಡೆದ ಹೊಲದಂಚಿನ ಹೂವನ್ನೂ ಕೊಡಬೇಡಿ.

ಪಳಗಿಸುವುದು ಮಾತ್ರ ಸುಲಭ, ಏಕೆಂದರೆ ಲೋರಿಗೆ ಆಟವೆಂದರೆ ಪ್ರಾಣ. ಮೊದಲ ವಾರ ಮುಟ್ಟಲು ಹೋಗದೆ ಪಂಜರದ ಪಕ್ಕ ಕುಳಿತು ಮಾತಾಡಿ. ಆಮೇಲೆ ಹಸಿದ ಹೊತ್ತಿನಲ್ಲಿ ಸರಳುಗಳ ನಡುವೆ ಚಮಚದಲ್ಲಿ ಮಕರಂದ ಹಿಡಿಯಿರಿ. ಚಮಚಕ್ಕೆ ಹೆದರದಿದ್ದರೆ ಬಾಗಿಲು ತೆರೆದು, ಬೆರಳನ್ನು ಎದೆಯ ಕೆಳಗೆ ಮೆಲ್ಲನೆ ಒತ್ತಿ; ತಾನಾಗಿ ಹತ್ತುತ್ತದೆ. ಹತ್ತು ನಿಮಿಷ ಸಾಕು. ಉತ್ಸಾಹ ಹೆಚ್ಚಾಗಿ ಕಚ್ಚಿದರೆ ಕಿರುಚಬೇಡಿ, ಕಿರುಚಾಟವೂ ಅದಕ್ಕೊಂದು ಆಟ. ಪಳಗಿದ ಮೇಲೆ ಅಂಗೈಯಲ್ಲಿ ಬೆನ್ನಡಿಯಾಗಿ ಮಲಗಿ ಕಾಲಾಡಿಸುತ್ತದೆ. ಆದರೆ ಇಪ್ಪತ್ತು ವರ್ಷ ಬದುಕಬಲ್ಲ ಹಕ್ಕಿಯಿದು. ಮಗ ಹೈಸ್ಕೂಲಿನಲ್ಲಿದ್ದಾಗ ತಂದದ್ದು, ಅವನ ಮದುವೆಯಾದ ಮೇಲೂ ನಿಮ್ಮನ್ನೇ ನೆಚ್ಚಿರುತ್ತದೆ. ಸಾಕಾಯಿತೆಂದು ಹಾರಿಬಿಡುವಂತೆಯೂ ಇಲ್ಲ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಹೀಗೆ ಹೊರಬಿದ್ದ ಲೋರಿಕೀಟ್‌ಗಳು ಈಗ ತೋಟಗಳಿಗೆ ಪೀಡೆಯಾಗಿವೆ.

ಕಾನೂನಿನ ಮಾತೂ ಇದೆ. ನಮ್ಮ ಹಸಿರು ಗಿಳಿಯನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಲೋರಿ ವಿದೇಶಿ ಹಕ್ಕಿಯಾದರೂ ಅದಕ್ಕೂ ನೋಂದಣಿ ಬೇಕು. 2024ರ ನಿಯಮಗಳ ಪ್ರಕಾರ ಹಕ್ಕಿ ಕೈಗೆ ಬಂದ 30 ದಿನಗಳೊಳಗೆ ‘ಪರಿವೇಶ್ 2.0’ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಕಾಗದಪತ್ರ ಕೊಡದ ಮಾರಾಟಗಾರನಿಂದ ದೂರವಿರಿ.

ನೋಡುವ ಆಸೆಯಷ್ಟೇ ಇದ್ದವರಿಗೆ ಎಚ್.ಡಿ. ಕೋಟೆಯ ಕಾಡಂಚಿದೆ. ಗುಬ್ಬಚ್ಚಿ ಗಾತ್ರದ, ಮೋಟು ಬಾಲದ ಹಸಿರು ಗಿಳಿಯೊಂದು ಅಲ್ಲಿದೆ. ಸಲೀಂ ಅಲಿಯವರ ಪುಸ್ತಕದಲ್ಲಿ ಇದು ‘ಇಂಡಿಯನ್ ಲೋರಿಕೀಟ್’. ನಿಜವಾದ ಲೋರಿಯಲ್ಲ, ಆದರೂ ಮಕರಂದಪ್ರಿಯ. ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಾ ನಿದ್ರಿಸುತ್ತದೆ. ಬೂರುಗ, ಮುತ್ತುಗ ಹೂಬಿಟ್ಟ ಫೆಬ್ರವರಿ ಬೆಳಗಿನಲ್ಲಿ ಮರದಡಿ ಸದ್ದಿಲ್ಲದೆ ನಿಂತು, ಕೊಂಬೆಯ ತುದಿಗಳನ್ನು ಗಮನಿಸಿ.