ಕಡವಿನ ಹಾಡು ಕಲಿಸಿದ ಪಾಠ

ಉಳಿ ಹಿಡಿದವರೆಲ್ಲ ಶಿಲ್ಪಿಗಳಾಗುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮೊಬೈಲ್ ಫೋನು ಕೈಗೆ ಬಂದ ಮೇಲೆ ಈ ವಿವೇಕವನ್ನು ನಾವು ಮರೆತಂತೆ ಕಾಣುತ್ತದೆ. ಒಂದು ಕಾಲದಲ್ಲಿ ಸ್ಟುಡಿಯೋಗಳ ಸ್ವತ್ತಾಗಿದ್ದ ಕ್ಯಾಮರಾ, ಧ್ವನಿಮುದ್ರಣ ಯಂತ್ರ, ಸಂಕಲನದ ಮೇಜು - ಈ ಮೂರೂ ಇಂದು ಹದಿನಾಲ್ಕು ವರ್ಷದ ಬಾಲಕನ ಜೇಬಿನಲ್ಲಿ ಅಡಕವಾಗಿವೆ. ಹಾಡೊಂದಕ್ಕೆ ಚಿತ್ರ ಜೋಡಿಸುವುದು ಈಗ ಒಂದು ಸಂಜೆಯ ಕೆಲಸ. ಆ ಸಂಜೆ ಕಳೆದ ಮೇಲೆ ವಿದ್ಯಾರ್ಥಿಗೆ ಉಳಿಯುವುದೇನು? ಈ ಪ್ರಶ್ನೆಗೆ ಉತ್ತರವನ್ನು ನಾವು ಪುಸ್ತಕದಲ್ಲಿ ಕಂಡುಕೊಳ್ಳಲಿಲ್ಲ. ಒಂದು ಹೊಳೆಯ ದಡದಲ್ಲಿ ಕಂಡೆವು.

ನಮ್ಮ ಕರಾವಳಿಯ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಹದಿನಾಲ್ಕು ಮಂದಿ ಮಕ್ಕಳು ಶಾಲಾ ವಾರ್ಷಿಕೋತ್ಸವಕ್ಕಾಗಿ ಒಂದು ಸಂಗೀತ ವೀಡಿಯೊ ನಿರ್ಮಿಸಲು ಹೊರಟರು. ಸಲಹೆ ನೀಡಬೇಕೆಂದು ಶಿಕ್ಷಕರು ನಮ್ಮನ್ನೂ ಕರೆದರು. ಊರಿನ ಹೊಳೆಗೆ ಸೇತುವೆ ಬಂದ ಮೇಲೆ ನಿಂತುಹೋದ ಕಡವಿನ ದೋಣಿಯೇ ಹಾಡಿನ ವಸ್ತು. ಮಕ್ಕಳೇ ಬರೆದ ಸಾಹಿತ್ಯ, ಸಂಗೀತ ಶಿಕ್ಷಕಿ ಕೂಡಿಸಿದ ರಾಗ. ಆ ಕಡವನ್ನು ಕೊನೆಯವರೆಗೆ ನಡೆಸಿದ ವೃದ್ಧರು ಇನ್ನೂ ಊರಿನಲ್ಲಿದ್ದಾರೆ. ಅವರ ಮೊಮ್ಮಗ ಅದೇ ತರಗತಿಯ ವಿದ್ಯಾರ್ಥಿ.

ಹಾಡನ್ನು ಕಣ್ಣಿಗೆ ಕಾಣಿಸುವ ಕಲೆ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಕ್ವೀನ್ ತಂಡ 1975ರಲ್ಲಿ ತನ್ನ ಗೀತೆಯೊಂದಕ್ಕೆ ಮಾಡಿಸಿದ ವೀಡಿಯೊ ಜನಪ್ರಿಯವಾಯಿತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂ.ಟಿ.ವಿ. ವಾಹಿನಿ ಆರಂಭವಾದಾಗ ಅದು ಒಂದು ಉದ್ಯಮವೇ ಆಯಿತು. ನಮ್ಮ ನಾಡಿನ ಮನೆಮನೆಗೆ ಆ ಕಲೆ ತಲುಪಿದ್ದು 1988ರ ಸ್ವಾತಂತ್ರ್ಯ ದಿನದಂದು, ದೂರದರ್ಶನವು 'ಮಿಲೇ ಸುರ್ ಮೇರಾ ತುಮ್ಹಾರಾ' ಗೀತೆಯನ್ನು ಪ್ರಸಾರ ಮಾಡಿದಾಗ. ನಮ್ಮ ಗದಗಿನ ಭೀಮಸೇನ ಜೋಶಿಯವರ ಕಂಠವನ್ನು ಅದರಲ್ಲಿ ಆಲಿಸಿದವರು ಇಂದಿಗೂ ಮರೆತಿಲ್ಲ. ಆ ಗೀತೆಯ ಹಿಂದೆ ದೊಡ್ಡ ತಂಡವಿತ್ತು, ದೊಡ್ಡ ಯಂತ್ರಗಳಿದ್ದವು. ಅಂಥ ಸಾಧನಗಳು ಈಗ ಮಕ್ಕಳಿಗೆ ಅಗ್ಗವಾಗಿ ದೊರೆತಿವೆ. ತಂಡದ ಶಿಸ್ತು ಮಾತ್ರ ಅಗ್ಗವಾಗಿ ದೊರೆಯುವುದಿಲ್ಲ.

ಮೊದಲು ಕಾಗದ, ಆಮೇಲೆ ಕ್ಯಾಮರಾ

ಮಕ್ಕಳು ಮೊದಲ ದಿನವೇ ಫೋನು ಹಿಡಿದು ಹೊಳೆಗೆ ಓಡಲು ಸಿದ್ಧರಾಗಿದ್ದರು. ಶಿಕ್ಷಕರು ತಡೆದು, ಈ ವೀಡಿಯೊ ಏತಕ್ಕಾಗಿ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಲು ಹೇಳಿದರು. ಒಂದು ತಾಸಿನ ಚರ್ಚೆಯ ಬಳಿಕ ಕಪ್ಪು ಹಲಗೆಯ ಮೇಲೆ ಮೂಡಿದ ವಾಕ್ಯವಿದು: ನಿಂತುಹೋದ ಕಡವನ್ನೂ ಅದನ್ನು ನಡೆಸಿದವರ ದುಡಿಮೆಯನ್ನೂ ಗೌರವದಿಂದ ನೆನೆಯುವುದು. ಓದುಗರು ಈ ವಾಕ್ಯವನ್ನು ನೆನಪಿನಲ್ಲಿಡಬೇಕು. ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿತು.

ಬಳಿಕ ಲೆಕ್ಕಾಚಾರ. ಹಾಡಿನ ಲಯ ನಿಮಿಷಕ್ಕೆ 75 ಎಣಿಕೆ. ಅಂದರೆ ಒಂದು ಎಣಿಕೆಗೆ 0.8 ಸೆಕೆಂಡು. ನಮ್ಮ ದೇಶದ ದೂರದರ್ಶನ ವ್ಯವಸ್ಥೆ ಅನುಸರಿಸಿಕೊಂಡು ಬಂದಂತೆ ಸೆಕೆಂಡಿಗೆ 25 ಫ್ರೇಮುಗಳನ್ನು ಆರಿಸಿಕೊಂಡರೆ ಒಂದು ಎಣಿಕೆಗೆ ಸರಿಯಾಗಿ 20 ಫ್ರೇಮು. ಎಂಟು ಎಣಿಕೆಯ ಆದಿತಾಳದ ಒಂದು ಆವರ್ತಕ್ಕೆ 6.4 ಸೆಕೆಂಡು. ಮೂವತ್ತು ಆವರ್ತಗಳಿಗೆ 192 ಸೆಕೆಂಡು. ಹಾಡಿನ ಒಟ್ಟು ಉದ್ದವೂ ಅಷ್ಟೇ, 3 ನಿಮಿಷ 12 ಸೆಕೆಂಡು. ಗಣಿತದ ಶಿಕ್ಷಕರು ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರು. ಮೂವತ್ತು ಸಾಲುಗಳ ಒಂದು ಪಟ್ಟಿ ಸಿದ್ಧವಾಯಿತು. ಪ್ರತಿ ಸಾಲಿನಲ್ಲಿ ಆ ಆವರ್ತದ ಸಾಹಿತ್ಯ, ಕಾಣಬೇಕಾದ ದೃಶ್ಯ, ಕ್ಯಾಮರಾ ಇರಬೇಕಾದ ಸ್ಥಳ, ಬೇಕಾದ ಸಾಮಗ್ರಿ ಮತ್ತು ಹೊಣೆ ಹೊತ್ತವರ ಹೆಸರು. ಪಕ್ಕದಲ್ಲಿ ಪೆನ್ಸಿಲಿನ ಒಂದು ಪುಟ್ಟ ಚಿತ್ರ.

ಚಿತ್ರ ಬರೆಯಲು ಬಾರದೆಂದು ಹಿಂಜರಿದವರಿಗೆ ನಾವು ಸತ್ಯಜಿತ್ ರಾಯ್ ಅವರ ನಿದರ್ಶನ ಹೇಳಿದೆವು. 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಯನ್ನು ಅವರು ಮೊದಲು ಕಂಡದ್ದು ರೇಖಾಚಿತ್ರಗಳ ಪುಸ್ತಕವೊಂದರಲ್ಲಿ. ರಾಯ್ ನುರಿತ ಚಿತ್ರಕಾರರೇನೋ ನಿಜ. ಆದರೆ ಈ ಕೆಲಸಕ್ಕೆ ಕಡ್ಡಿಯಂಥ ಮನುಷ್ಯನ ಚಿತ್ರವೂ ಸಾಕು. ಯಾರು ಎಲ್ಲಿ ನಿಂತಿದ್ದಾರೆ, ನೋಟ ಯಾವ ಕಡೆಗೆ ಎಂಬುದು ತಿಳಿದರಾಯಿತು.

ದಡದಲ್ಲಿ ಕಲಿತದ್ದು

ಯೋಜನೆ ಎಷ್ಟೇ ಚೊಕ್ಕವಾಗಿದ್ದರೂ ಹೊಳೆ ಅದನ್ನು ಓದಿರುವುದಿಲ್ಲ. ಮೊದಲ ದಿನದ ಚಿತ್ರೀಕರಣದಲ್ಲಿ ಧ್ವನಿವರ್ಧಕವನ್ನು ದಡದಲ್ಲಿ, ಕ್ಯಾಮರಾದ ಪಕ್ಕದಲ್ಲಿ ಇಟ್ಟು ಹಾಡು ನುಡಿಸಲಾಯಿತು. ಹಾಡುವ ಹುಡುಗಿ ಸುಮಾರು 70 ಮೀಟರು ದೂರದ ದೋಣಿಯಲ್ಲಿದ್ದಳು. ತುಟಿಯ ಚಲನೆ ಹಾಡಿಗಿಂತ ತಡವಾಗಿ ಕಂಡಿತು. ಹುಡುಗಿ ತಪ್ಪಿದಳೆಂದು ಎಲ್ಲರೂ ಆಕ್ಷೇಪಿಸಿದರು. ತಪ್ಪು ಅವಳದಾಗಿರಲಿಲ್ಲ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಹಾಡು ಅವಳ ಕಿವಿ ತಲುಪಲು 0.2 ಸೆಕೆಂಡು ಬೇಕು. ಅಷ್ಟರಲ್ಲಿ ಐದು ಫ್ರೇಮುಗಳು ದಾಟಿರುತ್ತವೆ. ಮರುದಿನ ಪುಟ್ಟ ಸ್ಪೀಕರನ್ನು ದೋಣಿಯೊಳಗೇ ಬಚ್ಚಿಟ್ಟರು. ಹುಡುಗಿಯ ತುಟಿ ಹಾಡಿನೊಡನೆ ಸೇರಿತು. ವಿಜ್ಞಾನ ಪುಸ್ತಕದ ಒಂದು ಸಂಖ್ಯೆ ಆ ದಿನ ಮಕ್ಕಳಿಗೆ ನಿಜವಾಯಿತು. ಸಹಪಾಠಿಯ ಮೇಲೆ ದೂರು ಹೊರಿಸುವ ಮುನ್ನ ಕಾರಣ ಹುಡುಕಬೇಕೆಂಬ ಮಾತೂ ನಿಜವಾಯಿತು.

ಇನ್ನೆರಡು ತೊಡಕುಗಳು ಇತರ ಶಾಲೆಗಳಿಗೂ ಎದುರಾಗುವಂಥವು. ನೀರಿನ ಹೊಳಪು ಹೆಚ್ಚಿದಂತೆಲ್ಲ ಫೋನು ತಾನಾಗಿಯೇ ಬೆಳಕನ್ನು ತಗ್ಗಿಸಿ ಮುಖಗಳನ್ನು ಕಪ್ಪಾಗಿಸಿತು. ಪರದೆಯ ಮೇಲೆ ಮುಖವಿರುವಲ್ಲಿ ಬೆರಳನ್ನು ಒತ್ತಿ ಹಿಡಿದರೆ ಹಲವು ಫೋನುಗಳಲ್ಲಿ ಬೆಳಕಿನ ಅಳತೆ ಸ್ಥಿರಗೊಳ್ಳುತ್ತದೆ. ತರಗತಿಯ ಕೋಣೆಯಲ್ಲಿ ತೆಗೆದ ದೃಶ್ಯಗಳಲ್ಲಿ ಟ್ಯೂಬ್‌ಲೈಟಿನ ದೆಸೆಯಿಂದ ಕಪ್ಪು ಪಟ್ಟಿಗಳು ಹರಿದಾಡಿದವು. ನಮ್ಮ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತನೆಗಳದ್ದು. ಷಟರಿನ ವೇಗವನ್ನು ಸೆಕೆಂಡಿನ ಐವತ್ತನೆಯ ಅಥವಾ ನೂರನೆಯ ಒಂದು ಭಾಗಕ್ಕೆ ನಿಲ್ಲಿಸಿದರೆ ಆ ಪಟ್ಟಿಗಳು ಮಾಯವಾಗುತ್ತವೆ. ಪ್ರತಿ ದೃಶ್ಯದ ಆರಂಭದಲ್ಲಿ ಕ್ಯಾಮರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತ. ಕೈಗಳು ಸೇರಿದ ಫ್ರೇಮನ್ನೂ ಅದರ ಸದ್ದನ್ನೂ ಹೊಂದಿಸಿದರೆ ಚಿತ್ರ ಮತ್ತು ಧ್ವನಿ ಒಂದಾಗುತ್ತವೆ.

ಸಂಕಲನಕ್ಕೆ ಕೆಡೆನ್‌ಲೈವ್, ಓಪನ್‌ಶಾಟ್‌ನಂಥ ತಂತ್ರಾಂಶಗಳು ಹಣ ಕೊಡದೆಯೇ ದೊರೆಯುತ್ತವೆ. ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಮಕ್ಕಳು ಎರಡು ವಾರ ದುಡಿದರು. ಒಂದು ಎಣಿಕೆಗೆ ಇಪ್ಪತ್ತು ಫ್ರೇಮು ಎಂಬ ಲೆಕ್ಕ ಮೊದಲೇ ಕೈಯಲ್ಲಿದ್ದುದರಿಂದ ದೃಶ್ಯಗಳು ತಾಳಕ್ಕೆ ತಕ್ಕಂತೆ ಕೂಡಿಬಂದವು.

ಸಭೆ ನಕ್ಕಿತು

ವಾರ್ಷಿಕೋತ್ಸವಕ್ಕೆ ಹತ್ತು ದಿನ ಮೊದಲು ಬೇರೆ ತರಗತಿಯ ಮಕ್ಕಳ ಮುಂದೆ ಪ್ರಾಯೋಗಿಕ ಪ್ರದರ್ಶನ ನಡೆಯಿತು. ಹದಿನೆಂಟನೆಯ ಆವರ್ತದಲ್ಲಿ ಅಜ್ಜ ದೋಣಿಗೆ ಕಾಲಿಡುವ ದೃಶ್ಯ. ಚಿತ್ರೀಕರಣದಂದು ಅವರ ಕಾಲು ಒಮ್ಮೆ ಜಾರಿತ್ತು, ಪಕ್ಕದಲ್ಲಿದ್ದವರು ಹಿಡಿದುಕೊಂಡಿದ್ದರು. ಆ ಜಾರುವಿಕೆ ಮೃದಂಗದ ಪೆಟ್ಟಿಗೆ ಸರಿಯಾಗಿ ಬೀಳುವಂತೆ ಜೋಡಣೆಯಾಗಿತ್ತು. ಸಭೆ ಗೊಳ್ಳೆಂದು ನಕ್ಕಿತು. ಆ ತುಣುಕನ್ನು ಹಾಗೆ ಜೋಡಿಸಿದವನು ಬೇರಾರೂ ಅಲ್ಲ, ಅಜ್ಜನ ಮೊಮ್ಮಗನೇ. ಹಿಂದಿನ ದಿನ ಕಂಪ್ಯೂಟರಿನ ಮುಂದೆ ಅದನ್ನು ನೋಡಿ ನಾವೂ ಸೊಗಸಾಗಿದೆಯೆಂದು ತಲೆದೂಗಿದ್ದೆವು. ನಗು ಕೇಳಿದಾಗ ಹುಡುಗನ ಮುಖ ಬಾಡಿತು. ನಮ್ಮ ಮುಖವೂ ತಗ್ಗಿತು.

ಶಿಕ್ಷಕರ ಬಳಿಯಿದ್ದ ಅಂಕಪಟ್ಟಿಯಲ್ಲಿ ತಾಳಕ್ಕೆ ಹೊಂದಿದ ಸಂಕಲನ ಎಂಬ ಅಂಶಕ್ಕೆ ಆ ದೃಶ್ಯ ಪೂರ್ಣಾಂಕ ಗಳಿಸುತ್ತಿತ್ತು. ಆದರೆ ಕಪ್ಪು ಹಲಗೆಯ ವಾಕ್ಯದ ಮುಂದೆ ಅದಕ್ಕೆ ಸೊನ್ನೆ. ಗೌರವದಿಂದ ನೆನೆಯಲು ಹೊರಟವರು ನಗೆಪಾಟಲು ಮಾಡಿದ್ದರು. ಅದೂ ಬೇಕೆಂದಲ್ಲ, ಕೈಚಳಕದ ಮೋಹದಿಂದ. ಯಂತ್ರವು ತಾಳ ತಪ್ಪಿದ್ದನ್ನು ತೋರಿಸಬಲ್ಲದು. ಮರ್ಯಾದೆ ತಪ್ಪಿದ್ದನ್ನು ತೋರಿಸಲಾರದು.

ಮಕ್ಕಳು ಅಜ್ಜನ ಮನೆಗೆ ಹೋಗಿ ವೀಡಿಯೊವನ್ನು ಅವರಿಗೇ ತೋರಿಸಿದರು. ಅವರು ಸಿಟ್ಟಾಗಲಿಲ್ಲವಂತೆ. ಜಾರಿದ್ದು ನಿಜವೇ, ಆದರೆ ಅಷ್ಟು ವರ್ಷ ಜಾರದೆ ಜನರನ್ನು ದಾಟಿಸಿದ್ದು ಇದರಲ್ಲಿ ಎಲ್ಲಿದೆ ಎಂದಷ್ಟೇ ಕೇಳಿದರಂತೆ. ಮಕ್ಕಳು ಪಟ್ಟಿಯನ್ನು ಮತ್ತೆ ತೆರೆದು ನೋಡಿದರು. ಮೂವತ್ತು ಸಾಲುಗಳಲ್ಲಿ ಹೊಳೆಯಿತ್ತು, ಸೇತುವೆಯಿತ್ತು, ಹಾಡುವವರ ಮುಖಗಳಿದ್ದವು. ಅಂಬಿಗನ ಕೆಲಸ ಒಂದು ಸಾಲಿನಲ್ಲಿಯೂ ಇರಲಿಲ್ಲ. ದೋಷ ಸಂಕಲನದಲ್ಲಿ ಕಂಡಿತಾದರೂ ಹುಟ್ಟಿದ್ದು ಯೋಜನೆಯಲ್ಲಿ.

ಉಳಿದ ದಿನಗಳಲ್ಲಿ ಅವರು ಮತ್ತೊಮ್ಮೆ ಹೊಳೆಗೆ ಹೋದರು. ಹುಟ್ಟು ಹಿಡಿದ ಕೈಗಳು, ಅಂಗೈಯ ಜಡ್ಡು, ನೀರಿನ ಸೆಳೆತವನ್ನು ಅಳೆಯುವ ಕಣ್ಣು - ಇಷ್ಟನ್ನೇ ಹತ್ತಿರದಿಂದ ತೆಗೆದು ಆರು ಆವರ್ತಗಳನ್ನು ಬದಲಾಯಿಸಿದರು. ಜಾರಿದ ದೃಶ್ಯವನ್ನು ಕೈಬಿಟ್ಟರು.

ಅಳೆಯುವುದು ಹೇಗೆ?

ಮೌಲ್ಯಮಾಪನವೆಂದರೆ ಕೊನೆಯಲ್ಲಿ ಅಂಕ ಕೊಡುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇಂಗ್ಲೆಂಡಿನ ಒ.ಸಿ.ಆರ್. ಪರೀಕ್ಷಾ ಮಂಡಳಿಯು 2008ರಲ್ಲಿ ಆರಂಭಿಸಿದ ಎ-ಲೆವೆಲ್ ಮಾಧ್ಯಮ ಅಧ್ಯಯನದ ಪಠ್ಯಕ್ರಮವು ಬೇರೊಂದು ದಾರಿ ತೋರಿತು. ಸಂಗೀತ ವೀಡಿಯೊವನ್ನೂ ಒಳಗೊಂಡಿದ್ದ ಅದರ ಪ್ರಾಯೋಗಿಕ ಯೋಜನೆಯ 100 ಅಂಕಗಳಲ್ಲಿ ನಿರ್ಮಾಣಕ್ಕೆ 60, ಸಂಶೋಧನೆ ಮತ್ತು ಯೋಜನೆಗೆ 20, ವಿದ್ಯಾರ್ಥಿಯೇ ಮಾಡುವ ಮೌಲ್ಯಮಾಪನಕ್ಕೆ 20. ಪ್ರೇಕ್ಷಕರ ಪ್ರತಿಕ್ರಿಯೆಯಿಂದ ಕಲಿತದ್ದೇನು, ಪ್ರತಿ ಹಂತದಲ್ಲಿ ಮಾಧ್ಯಮ ತಂತ್ರಜ್ಞಾನವನ್ನು ಬಳಸಿದ್ದು ಹೇಗೆ ಎಂಬ ಪ್ರಶ್ನೆಗಳಿಗೆ ವಿದ್ಯಾರ್ಥಿ ಉತ್ತರಿಸಬೇಕಿತ್ತು. ಆ ಪಠ್ಯಕ್ರಮ ಈಗ ಬದಲಾಗಿದೆ; ಆದರೆ ನೂರರಲ್ಲಿ ನಲವತ್ತು ಅಂಕಗಳನ್ನು ಕ್ಯಾಮರಾದ ಹಿಂದಿನ ಮತ್ತು ಮುಂದಿನ ಚಿಂತನೆಗೆ ಮೀಸಲಿಟ್ಟ ಅದರ ವಿವೇಕ ಹಳತಾಗಿಲ್ಲ.

ನಮ್ಮ ಶಾಲೆಗಳಲ್ಲಿ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ವೀಡಿಯೊವನ್ನು ಒಮ್ಮೆ ಧ್ವನಿಯಿಲ್ಲದೆ ನೋಡಬೇಕು, ಕಥೆ ತಿಳಿಯುತ್ತದೆಯೇ? ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಬೇಕು, ಸಾಹಿತ್ಯ ಸ್ಪಷ್ಟವೇ? ಮೂರನೆಯ ಬಾರಿ, ಏನೂ ಅರಿಯದ ಹತ್ತು ಮಂದಿಗೆ ತೋರಿಸಿ, ಅವರು ನಕ್ಕ, ಆಕಳಿಸಿದ, ಬೇರೆಡೆ ನೋಡಿದ ಕ್ಷಣಗಳನ್ನು ಆವರ್ತದ ಸಂಖ್ಯೆಯೊಡನೆ ಗುರುತಿಸಬೇಕು. ಈ ಹಾಡು ಯಾರ ಕುರಿತು ಎಂದು ಕೇಳಿ ಉತ್ತರ ಬರೆಯಿಸಿಕೊಳ್ಳಬೇಕು. ಆ ಉತ್ತರಗಳನ್ನು ಮೊದಲ ದಿನದ ವಾಕ್ಯದೊಡನೆ ಹೋಲಿಸಿದರೆ ಮೌಲ್ಯಮಾಪನ ತಾನಾಗಿಯೇ ನಡೆಯುತ್ತದೆ. ಕೊನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಮಾಡಿದ್ದೇನು, ಬದಲಾಯಿಸಿದ್ದೇನು, ಉಳಿದ ಕೊರತೆಯೇನು ಎಂದು ಒಂದು ಪುಟ ಬರೆಯಬೇಕು. ನಮ್ಮ ತಂಡದ ಮಕ್ಕಳು ಎರಡು ಬೇರೆ ದಿನಗಳ ಬೆಳಕು ಒಂದಕ್ಕೊಂದು ಹೊಂದಲಿಲ್ಲವೆಂದು ತಾವೇ ಬರೆದುಕೊಟ್ಟರು. ಆ ಕೊರತೆ ವೀಡಿಯೊದಲ್ಲಿ ಇಂದಿಗೂ ಇದೆ.

ಹಕ್ಕು ಮತ್ತು ಒಪ್ಪಿಗೆಯ ವಿಚಾರವನ್ನೂ ಮರೆಯುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಬೋಧನೆಗಾಗಿ ಮತ್ತು ಶಾಲೆಯೊಳಗಿನ ಪ್ರದರ್ಶನಕ್ಕಾಗಿ ಕೆಲವು ರಿಯಾಯಿತಿಗಳನ್ನು ನೀಡುತ್ತದೆ. ಆದರೆ ಚಲನಚಿತ್ರದ ಹಾಡೊಂದನ್ನು ಬಳಸಿದ ವೀಡಿಯೊವನ್ನು ಅಂತರ್ಜಾಲದಲ್ಲಿ ಲೋಕಕ್ಕೆಲ್ಲ ಹಂಚಲು ಅದು ಪರವಾನಗಿಯಲ್ಲ. ಸ್ವಂತ ಹಾಡು ಬರೆದುಕೊಂಡರೆ ಆ ಚಿಂತೆ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ ಹೆತ್ತವರ ಒಪ್ಪಿಗೆಯನ್ನು ಬೇಡುತ್ತದೆ. ಚಿತ್ರೀಕರಣಕ್ಕೆ ಮುನ್ನವೇ ಲಿಖಿತ ಒಪ್ಪಿಗೆ ಪಡೆಯುವುದು ಲೇಸು. ಮುಖ ತೋರಿಸಲು ಒಲ್ಲದ ಮಗುವಿಗೂ ತಂಡದಲ್ಲಿ ಸ್ಥಾನವಿರಬೇಕು. ತಾಳದ ಲೆಕ್ಕ ಬರೆಯುವವರೂ ಕಲಾವಿದರೇ.

ವಾರ್ಷಿಕೋತ್ಸವದ ಸಂಜೆ ಅಜ್ಜ ಮುಂದಿನ ಸಾಲಿನಲ್ಲಿ ಕುಳಿತು ವೀಡಿಯೊ ನೋಡಿದರು. ಹದಿನೆಂಟನೆಯ ಆವರ್ತದಲ್ಲಿ ಯಾರೂ ನಗಲಿಲ್ಲ. ತೆರೆಯ ಮೇಲೆ ತಮ್ಮ ಕೈಗಳು ದೊಡ್ಡದಾಗಿ ಕಂಡಾಗ ಅವರು ಮಡಿಲಲ್ಲಿದ್ದ ಕೈಗಳನ್ನು ಒಮ್ಮೆ ನೋಡಿಕೊಂಡರು. ಮೊಮ್ಮಗ ತೆರೆಯನ್ನು ನೋಡುತ್ತಿರಲಿಲ್ಲ; ಅಜ್ಜನನ್ನೇ ನೋಡುತ್ತಿದ್ದ.

ಹೆತ್ತವರಲ್ಲಿ, ಶಿಕ್ಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳ ಕೈಗೆ ಕ್ಯಾಮರಾ ಕೊಡುವುದು ತಪ್ಪಲ್ಲ. ಆದರೆ ಅದಕ್ಕೆ ಮೊದಲು ಒಂದು ಕಾಗದವನ್ನೂ, ಅದಾದ ಮೇಲೆ ಒಬ್ಬ ನಿಷ್ಠುರ ಪ್ರೇಕ್ಷಕನನ್ನೂ ಕೊಡೋಣ. ನಡುವಿನ ಕೆಲಸವನ್ನು ಅವರು ನಮಗಿಂತ ಚೆನ್ನಾಗಿಯೇ ಮಾಡಬಲ್ಲರು.