ಸೈನಿಕ ಕ್ಯಾನ್ವಾಸ್ ಪರಿಕರಗಳು: ತಯಾರಿಕೆಯ ಪಾಠಾಂತರಗಳು

ಭೌತಿಕ ಸಂಸ್ಕೃತಿಯ ಅಧ್ಯಯನವು ಕನ್ನಡದಲ್ಲಿ ನೇಗಿಲು, ಕೂರಿಗೆ, ಬೀಸುವ ಕಲ್ಲು, ಕಂಬಳಿ ಮೊದಲಾದ ಸ್ಥಳೀಯ ತಯಾರಿಕೆಗಳ ಸುತ್ತಲೇ ಬೆಳೆದು ಬಂದಿದೆ. 1968ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಗಲಿ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಾಗಲಿ ಈ ಬಗೆಯ ವಸ್ತುಗಳನ್ನು ಅಳಿವಿನಿಂದ ಪಾರುಮಾಡಿದ ಸಂಸ್ಥೆಗಳು. ಕಾರ್ಖಾನೆಯಲ್ಲಿ ಹುಟ್ಟಿ ಹಳ್ಳಿಯಲ್ಲಿ ಬಾಳಿದ ವಸ್ತುಗಳಿಗೆ ಇಷ್ಟು ಗಮನ ದೊರೆತಿಲ್ಲ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುವ ಪದ್ಧತಿಯಿದೆ. ಅಂಥ ಅಟ್ಟದ ಮೂಲೆಯ ಗೂಟಕ್ಕೆ ನೇತುಬಿದ್ದ ಹಳೆಯ ಮಿಲಿಟರಿ ಚೀಲವೊಂದು ಸಂಶೋಧಕನ ಕಣ್ಣಿಗೆ ಬಿದ್ದರೆ, ಅದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ಪ್ರಶ್ನೆ ಏಳುತ್ತದೆ.

ಇಂಥ ವಸ್ತು ಹಳ್ಳಿ ಸೇರುವ ದಾರಿಗಳು ಮುಖ್ಯವಾಗಿ ಎರಡು. ನಿವೃತ್ತ ಸೈನಿಕನ ಸಾಮಾನಿನೊಡನೆ ಬರುವುದು ಒಂದು. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಗುಜರಿ ಅಂಗಡಿಗಳಿಂದ ಬರುವುದು ಮತ್ತೊಂದು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. 1945ರ ನಂತರ ಹೆಚ್ಚುವರಿಯಾಗಿ ಉಳಿದ ಸಾಮಗ್ರಿಯನ್ನು ವಿಲೇವಾರಿ ಮಾಡಬೇಕಾಗಿ ಬಂತು.

ಈ ಪರಿಕರಗಳ ವಂಶಾವಳಿ ದೀರ್ಘವಲ್ಲ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಚರ್ಮದ ಪರಿಕರಗಳ ದೋಷಗಳು ಎದ್ದು ಕಂಡುದರಿಂದ ಬ್ರಿಟಿಷ್ ಸೈನ್ಯವು 1908ರಲ್ಲಿ ದಪ್ಪ ಹತ್ತಿಪಟ್ಟಿಯ ಮಾದರಿಯನ್ನು ಅಂಗೀಕರಿಸಿತು. ನಮ್ಮ ಮಂಚಗಳಿಗೆ ಬಿಗಿಯುವ ನವಾರನ್ನು ಇನ್ನಷ್ಟು ಗಟ್ಟಿಯಾಗಿ ನೇಯ್ದರೆ ಹೇಗೋ ಹಾಗೆ ಎಂದರೆ ಅದರ ಸ್ವರೂಪ ತಿಳಿಯುತ್ತದೆ. ಅದರ ಮುಂದಿನ ರೂಪವಾದ 1937ರ ಮಾದರಿ ಭಾರತದಲ್ಲಿ ಸ್ವಾತಂತ್ರ್ಯಾನಂತರವೂ ಬಳಕೆಯಲ್ಲಿತ್ತು. 1962ರ ಚೀನಾ ಯುದ್ಧದಲ್ಲಿ ಹೋರಾಡಿದ ಸೈನಿಕರ ಹೆಗಲ ಮೇಲೆಯೂ ಅದೇ ಇತ್ತು.

ವ್ಯತ್ಯಾಸಗಳ ನಿಜವಾದ ಸ್ವಾರಸ್ಯವಿರುವುದು ಹೆಗಲಪಟ್ಟಿಯಲ್ಲಿ. ಒಂದು ಅಂಗುಲ ಅಗಲದ ಪಟ್ಟಿ ಹೆಗಲ ಮೇಲೆ ಬರುವಲ್ಲಿ ಎರಡು ಅಂಗುಲಕ್ಕೆ ಹಿಗ್ಗಿ ಮತ್ತೆ ಒಂದಕ್ಕೆ ಇಳಿಯಬೇಕು. ಇಂಗ್ಲೆಂಡಿನ ಮಿಲ್ಸ್ ಕಂಪನಿ ಇದನ್ನು ಮಗ್ಗದಲ್ಲಿಯೇ ಸಾಧಿಸುತ್ತಿತ್ತು. ಹೊಲಿಗೆಯಿಲ್ಲದೆ ಒಂದೇ ಪಟ್ಟಿ ಹಿಗ್ಗಿ ಕುಗ್ಗುತ್ತಿತ್ತು. ಅಂಥ ವಿಶೇಷ ಮಗ್ಗಗಳಿಲ್ಲದ ಕಡೆ ಅಗಲವಾದ ತುಂಡಿಗೆ ಕಿರಿದಾದ ತುಂಡುಗಳನ್ನು ಜೋಡಿಸಿ ಹೊಲಿಯಲಾಯಿತು. ಯುದ್ಧಕಾಲದ ಭಾರತೀಯ ತಯಾರಿಕೆಯಲ್ಲಿ ಕಾಣುವುದು ಈ ಜೋಡಣೆಯೇ. ನೇಯ್ಗೆ ಒರಟು, ಪಟ್ಟಿ ಮೆದು, ಬಣ್ಣ ಕಂತಿನಿಂದ ಕಂತಿಗೆ ಬೇರೆ. ಪಾಶ್ಚಾತ್ಯ ಸಂಗ್ರಾಹಕರಲ್ಲಿ ಅನೇಕರು ಇದನ್ನು ಕೀಳು ದರ್ಜೆಯ ಮಾಲೆಂದು ಬದಿಗಿಡುವುದುಂಟು. ಈ ತೀರ್ಮಾನ ಒಪ್ಪತಕ್ಕದ್ದಲ್ಲ. ಮಗ್ಗ ಮಾಡಲಾರದ ಕೆಲಸವನ್ನು ಇಲ್ಲಿ ಸೂಜಿ ಮಾಡಿದೆ. ಆ ಹೊಲಿಗೆಯ ದಾರಿಯಲ್ಲಿ ಒಂದು ಕೆಲಸಗಾರ ಸಮುದಾಯದ ಉಪಾಯ ದಾಖಲಾಗಿದೆ.

ಜಾನಪದ ವಿದ್ವಾಂಸರಿಗೆ ಈ ಸಂಗತಿ ಹೊಸದೇನೂ ಅಲ್ಲ. ಒಂದೇ ಲಾವಣಿಯನ್ನು ಹತ್ತು ಊರುಗಳಲ್ಲಿ ಹತ್ತು ಬಗೆಯಾಗಿ ಹಾಡಿದಾಗ ಯಾವುದು ಶುದ್ಧಪಾಠ ಎಂದು ಹುಡುಕುತ್ತಿದ್ದ ಕಾಲ ಕಳೆದಿದೆ. ಪಾಠಾಂತರವೇ ಅಧ್ಯಯನದ ವಸ್ತು. ಸರ್ಕಾರದ ಮಾದರಿ ಇಲ್ಲಿ ಕೇವಲ ನಕ್ಷೆ. ಕೈಯಲ್ಲಿ ಹಿಡಿಯಬಹುದಾದ ಪ್ರತಿಯೊಂದು ಚೀಲವೂ ಆ ನಕ್ಷೆಯ ಒಂದು ಪಾಠ.

ಪಾಠದ ಊರು, ಕಾಲಗಳನ್ನು ತಿಳಿಯಲು ಮುದ್ರೆಗಳು ನೆರವಾಗುತ್ತವೆ. ಬ್ರಿಟಿಷ್ ಸರ್ಕಾರದ ಸ್ವತ್ತನ್ನು ಸೂಚಿಸುವ ಅಗಲ ಬಾಣದ ಗುರುತು ಕೆನಡಾದಲ್ಲಿ 'ಸಿ' ಅಕ್ಷರದೊಳಗೆ, ಆಸ್ಟ್ರೇಲಿಯಾದಲ್ಲಿ ಎರಡು 'ಡಿ'ಗಳ ನಡುವೆ ಕಾಣಿಸಿಕೊಂಡರೆ, ಭಾರತದಲ್ಲಿ 'ಐ' ಅಕ್ಷರದೊಡನೆ ಬರುತ್ತದೆ. ಆದರೆ ಮುದ್ರೆಯ ಇಸವಿ ತಯಾರಿಕೆಯದು, ಬಳಕೆಯದಲ್ಲ. 1943ರ ಚೀಲ ಉಗ್ರಾಣದಲ್ಲಿ ಇಪ್ಪತ್ತು ವರ್ಷ ಮಲಗಿ ಬೇರೊಂದು ಯುದ್ಧಕ್ಕೆ ಹೋಗಿರಬಹುದು.

ಛಾಗಲ್ ಎಂಬ ನೀರುಚೀಲದ ಕಥೆ ಇದಕ್ಕೆ ವ್ಯತಿರಿಕ್ತವಾದುದು. ಸಂಸ್ಕೃತದ ಛಾಗಲ ಎಂದರೆ ಆಡು. ಆಡಿನ ಚರ್ಮದ ಚೀಲವೇ ಮೊದಲಿನದು. ಕ್ಯಾನ್ವಾಸಿಗೆ ಬದಲಾದರೂ ಹೆಸರು ಉಳಿಯಿತು. ನೀರು ತುಂಬಿದಾಗ ನೂಲು ಉಬ್ಬಿ ನೇಯ್ಗೆಯ ಸಂದುಗಳು ಬಿಗಿಯುತ್ತವೆ. ಅಲ್ಪವಾಗಿ ಒಸರಿದ ನೀರು ಆವಿಯಾಗುತ್ತ ಒಳಗಿನದನ್ನು ತಂಪುಮಾಡುತ್ತದೆ. ಮಣ್ಣಿನ ಹೂಜಿಯ ತತ್ತ್ವವೂ ಇದೇ. ದೇಶೀಯ ವಸ್ತು ಸೈನ್ಯಕ್ಕೆ ಹೋಗಿ, ಅಲ್ಲಿಂದ ಲಾರಿ, ಜೀಪುಗಳ ಪಕ್ಕಕ್ಕೆ ತೂಗಿ ಮತ್ತೆ ಜನಬಳಕೆಗೆ ಮರಳಿದ್ದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ವಿರಳ.

ಸಂಗ್ರಹಕಾರ್ಯದಲ್ಲಿ ಆಗುತ್ತಿರುವ ಹಾನಿ ಬಹುಪಾಲು ಒಳ್ಳೆಯ ಉದ್ದೇಶದಿಂದಲೇ ಆಗುತ್ತಿದೆ. ಸೋಪು ಹಾಕಿ ತಿಕ್ಕಿದರೆ ಮಸಿಯ ಮುದ್ರೆ ಹೋಗುತ್ತದೆ. ಹಿತ್ತಾಳೆಯ ಬಕಲನ್ನು ಹುಣಿಸೆಹಣ್ಣಿನಿಂದ ಬೆಳಗಿದರೆ, ಪದೇ ಪದೇ ಉಜ್ಜುವುದರಿಂದ ಅದರ ಮೇಲಿನ ಅಕ್ಷರಗಳು ಸವೆಯುತ್ತವೆ. ಹರಿದ ಮೂಲೆಗೆ ಯಾರೋ ದಬ್ಬಳದಿಂದ ಗೋಣಿಹುರಿ ಹಾಕಿ ಹೊಲಿದಿದ್ದರೆ, ಕಳೆದ ಬಕಲಿನ ಜಾಗಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದರೆ, ಅದನ್ನು ಬಿಚ್ಚಿ 'ಮೂಲರೂಪ'ಕ್ಕೆ ತರುವ ಉತ್ಸಾಹ ಎಲ್ಲಕ್ಕಿಂತ ಅಪಾಯಕಾರಿ. ಗಿರಣಿಯ ಪಾಠದ ಮೇಲೆ ಊರು ಬರೆದ ಪಾಠ ಅದು. ಬೇರೆಲ್ಲಿಯೂ ಅದರ ಪ್ರತಿ ಸಿಗದು. ಮಾರುಕಟ್ಟೆಗೆ ಬರುವ ನಕಲು ಸರಕಿನಲ್ಲಿ ಮುದ್ರೆಯನ್ನು ಅನುಕರಿಸಬಹುದು. ದಶಕಗಳ ಕಾಲ ಒಂದೇ ಹೆಗಲಿಗೆ ಉಜ್ಜಿ ಸವೆದ ಅಂಚನ್ನು ಅನುಕರಿಸುವುದು ಕಷ್ಟ.

ತಯಾರಕರ ಕಡೆಯ ದಾಖಲೆಯೂ ಚದುರುತ್ತಿದೆ. ಕಾನ್ಪುರದ ಎಲ್ಗಿನ್, ಮ್ಯೂರ್ ಗಿರಣಿಗಳು ಸ್ತಬ್ಧವಾಗಿವೆ. 2021ರ ಅಕ್ಟೋಬರ್ 1ರಂದು ಆರ್ಡ್ನೆನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಗೊಂಡು, ಸೈನಿಕರ ಉಡುಪು, ಪರಿಕರಗಳ ಕಾರ್ಖಾನೆಗಳು ಟ್ರೂಪ್ ಕಂಫರ್ಟ್ಸ್ ಎಂಬ ಕಂಪನಿಗೆ ಸೇರಿದವು. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ದೊರೆತ ಚೀಲವನ್ನು ಒಣಬಟ್ಟೆಯಿಂದ ಮಾತ್ರ ಒರಸಿ, ಒಳಮೈಯ ಮುದ್ರೆಯನ್ನು ಓರೆಬೆಳಕಿನಲ್ಲಿ ಛಾಯಾಚಿತ್ರ ತೆಗೆದು, ಹೊಲಿಗೆಗಳನ್ನು ಎಣಿಸಿ, ಮನೆಯವರು ಅದರಲ್ಲಿ ಏನನ್ನು ಇಡುತ್ತಿದ್ದರು, ಏನೆಂದು ಕರೆಯುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಅದೇ ದಿನ ಬರೆದುಕೊಳ್ಳಬೇಕು.