ತಲೆಯ ಮೇಲಿನ ಹೊದಿಕೆ: ಅಲ್ಯೂಮಿನಿಯಂ ಮಾಡಿನ ಆಯ್ಕೆ ಹೇಗೆ?

ಮನೆಯ ತಳಪಾಯವನ್ನು ನಾವು ಒಮ್ಮೆ ಹಾಕಿ ಮರೆಯುತ್ತೇವೆ. ಮಾಡಾದರೋ ಪ್ರತಿವರ್ಷವೂ ಮುಂಗಾರಿನ ಮೊದಲ ಮಳೆಗೆ ತನ್ನ ಇರವನ್ನು ನೆನಪಿಗೆ ತರುತ್ತದೆ. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ಕಟ್ಟುವವರ ಕಷ್ಟವನ್ನು ಹೇಳಿತು. ಕಟ್ಟಿದ್ದನ್ನು ಕಾಯುವವರ ಕಷ್ಟವನ್ನು ಹೇಳಲಿಲ್ಲ. ಮಲೆನಾಡಿನ ಹಂಚಿನ ಮನೆಗಳ ಗೃಹಸ್ಥರಿಗೆ ಅದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹುಲ್ಲು, ಸೋಗೆ, ನಾಡಹಂಚುಗಳ ಸ್ಥಾನವನ್ನು ಮಂಗಳೂರು ಹಂಚು ಕ್ರಮೇಣ ಆಕ್ರಮಿಸಿತು. ತಲೆಮಾರುಗಳ ಕಾಲ ಅದು ನಮ್ಮನ್ನು ಕಾಪಾಡಿದೆ. ಆದರೆ ಇಂದು ಮಂಗಗಳ ಹಾವಳಿಯಿಂದ ಹಂಚು ಒಡೆಯುತ್ತದೆ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ನುರಿತ ಆಳುಗಳು ದೊರೆಯುವುದು ದುರ್ಲಭವಾಗಿದೆ. ಪಕಾಸಿ, ರೀಪುಗಳಿಗೆ ಒಳ್ಳೆಯ ಮರ ತರುವುದು ಸುಲಭವಲ್ಲ. ಆದುದರಿಂದಲೇ “ತಗಡು ಹೊದಿಸಿದರೆ ಹೇಗೆ?” ಎಂಬ ಪ್ರಶ್ನೆ ಅನೇಕ ಮನೆಗಳ ಜಗಲಿಯಲ್ಲಿ ಎದ್ದಿದೆ. ತಗಡುಗಳಲ್ಲಿ ಶ್ರೇಷ್ಠವೆಂದು ಹೆಸರಾದ ಅಲ್ಯೂಮಿನಿಯಮ್ಮಿನ ಗುಣದೋಷಗಳನ್ನು ಇಲ್ಲಿ ವಿವೇಚಿಸೋಣ.

ಲೋಹದ ಸ್ವಭಾವ

೧೮೮೬ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬಿಬ್ಬರು ಒಬ್ಬರನ್ನೊಬ್ಬರು ಅರಿಯದೆಯೇ ವಿದ್ಯುತ್ತಿನ ಮೂಲಕ ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ಬೇರ್ಪಡಿಸುವ ವಿಧಾನವನ್ನು ಕಂಡುಕೊಂಡರು. ಆ ಶತಮಾನ ಮುಗಿಯುವ ಮುನ್ನವೇ ರೋಮಿನ ಸಂತ ಜೋಕಿಮ್ ಚರ್ಚಿನ ಗುಮ್ಮಟಕ್ಕೆ ಈ ಲೋಹದ ಹಾಳೆಗಳನ್ನು ಹೊದಿಸಲಾಯಿತು. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವ ಕಾರ್ಖಾನೆ ನಮ್ಮ ಬೆಳಗಾವಿಯಲ್ಲಿಯೇ ಇದೆ.

ಗಾಳಿ ಸೋಕಿದೊಡನೆ ಅಲ್ಯೂಮಿನಿಯಮ್ಮಿನ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಮೂಡುತ್ತದೆ. ಗೀರು ಬಿದ್ದರೆ ಅದು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಕಬ್ಬಿಣವನ್ನು ತಿನ್ನುತ್ತದೆ. ಅಲ್ಯೂಮಿನಿಯಮ್ಮಿನ ಪೊರೆ ಅದನ್ನು ಕಾಯುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿಯೂ ಇದು ಉಕ್ಕಿನ ತಗಡಿಗಿಂತ ಹೆಚ್ಚು ಬಾಳುವುದಕ್ಕೆ ಇದೇ ಕಾರಣ.

ನಾಲ್ಕು ಬಗೆಗಳು

ಮೊದಲನೆಯದು ಬಣ್ಣವಿಲ್ಲದ ಏರಿಳಿತದ ಹಾಳೆ. ಕೊಟ್ಟಿಗೆ, ಅಡಿಕೆ ಮನೆ, ಸೌದೆಯ ಕೊಟ್ಟಿಗೆಗಳಿಗೆ ಇದು ಯೋಗ್ಯ. ಎರಡನೆಯದು ಹಂಚಿನ ಆಕಾರದಲ್ಲಿ ಒತ್ತಿ ಬಣ್ಣ ಬಳಿದ ಹಾಳೆ. ಇದರ ಬಾಳಿಕೆಯಲ್ಲಿ ಬಣ್ಣದ ಜಾತಿ ಮುಖ್ಯ: ಸಾಮಾನ್ಯ ಪಾಲಿಯೆಸ್ಟರ್ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಪಿ.ವಿ.ಡಿ.ಎಫ್. ಎಂಬ ಲೇಪ ಬೆಲೆಯಲ್ಲಿ ಹೆಚ್ಚಾದರೂ ಬಹುಕಾಲ ಹೊಳಪನ್ನು ಉಳಿಸಿಕೊಳ್ಳುತ್ತದೆ.

ಮೂರನೆಯದು ‘ಶಿಂಗಲ್’ ಎಂಬ ಚಿಕ್ಕ ಬಿಲ್ಲೆಗಳು. ಅಮೆರಿಕದ ಮನೆಗಳಲ್ಲಿ ಇವು ಬಳಕೆಯಲ್ಲಿವೆ. ನಾಲ್ಕು ಅಂಚುಗಳಲ್ಲಿ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುವ ಇವುಗಳ ಮೊಳೆಗಳು ಹೊರಗೆ ಕಾಣವು. ಮೊಳೆಯ ತೂತಿನಿಂದ ನೀರು ಇಳಿಯುವ ಭಯ ಕಡಿಮೆ. ಅಲ್ಲಿ ೦.೪೮ ಮಿ.ಮೀ.ನಿಂದ ೦.೮೧ ಮಿ.ಮೀ. ದಪ್ಪದವರೆಗೆ ಇವು ದೊರೆಯುತ್ತವೆ. ಆದರೆ ಇವುಗಳ ಕೆಳಗೆ ಹಲಗೆಯ ಪೂರ್ಣ ಹಾಸು, ಅದರ ಮೇಲೆ ನೀರು ತಡೆಯುವ ಪದರ ಇರಲೇಬೇಕು. ರೀಪುಗಳ ನಡುವೆ ತೆರಪಿರುವ ನಮ್ಮ ಮಾಡಿಗೆ ಇವನ್ನು ಕೂರಿಸಬೇಕಾದರೆ ಮೊದಲು ಆ ಹಾಸಿನ ವೆಚ್ಚವನ್ನು ಹೊರಬೇಕು. ತಿಂಗಳುಗಟ್ಟಲೆ ತೇವವಿರುವ ಸೀಮೆಯಲ್ಲಿ ಆ ಹಲಗೆಯನ್ನು ಕಾಯುವ ಚಿಂತೆ ಬೇರೆ. ಆದುದರಿಂದ ಹಳೆಯ ಹಂಚಿನ ಮನೆಗೆ ಇದು ಸಹಜವಾದ ಆಯ್ಕೆಯಲ್ಲ.

ನಾಲ್ಕನೆಯದು ಅಲ್ಯೂಮಿನಿಯಂ ಅಲ್ಲವೇ ಅಲ್ಲ. ಆದರೂ ಹಾಗೆಂದು ಭ್ರಮಿಸುವವರುಂಟು. ೧೯೭೨ರಲ್ಲಿ ಅಮೆರಿಕದಲ್ಲಿ ‘ಗ್ಯಾಲ್ವಲ್ಯೂಮ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಈ ತಗಡಿನ ಒಡಲು ಉಕ್ಕು. ಮೇಲಿನ ಲೇಪದ ತೂಕದಲ್ಲಿ ಮಾತ್ರ ನೂರಕ್ಕೆ ೫೫ ಪಾಲು ಅಲ್ಯೂಮಿನಿಯಂ, ೪೩.೪ ಪಾಲು ಸತು, ೧.೬ ಪಾಲು ಸಿಲಿಕಾನ್. ಇದು ಬರಿಯ ಸತು ಲೇಪಿಸಿದ ತಗಡಿಗಿಂತ ಉತ್ತಮ, ಬಲದಲ್ಲಿ ಅಲ್ಯೂಮಿನಿಯಮ್ಮಿಗಿಂತಲೂ ಹೆಚ್ಚು. ಆದರೆ ಲೇಪ ಸವೆದಲ್ಲಿ ತುಕ್ಕು ಹಿಡಿಯುತ್ತದೆ. ದನದ ಕೊಟ್ಟಿಗೆಯ ಗಂಜಲದ ಆವಿ ಇದಕ್ಕೆ ಒಗ್ಗದು. ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಅಯಸ್ಕಾಂತದ ತುಂಡಿರಲಿ: ಉಕ್ಕಿಗೆ ಅದು ಅಂಟುತ್ತದೆ, ಅಲ್ಯೂಮಿನಿಯಮ್ಮಿಗೆ ಅಂಟದು.

ಹಗುರವೇ ಗುಣ, ಹಗುರವೇ ದೋಷ

ಒಂದು ಚದರ ಮೀಟರ್ ಮಾಡಿಗೆ ಸುಮಾರು ೧೫ ಮಂಗಳೂರು ಹಂಚುಗಳು ಬೇಕು. ಒಂದೊಂದೂ ಎರಡು ಕಿಲೋಗ್ರಾಮಿಗೆ ಕಡಿಮೆಯಿಲ್ಲ. ಎಂದರೆ ೩೦ ಕಿಲೋಗ್ರಾಮಿಗೂ ಮಿಕ್ಕ ಭಾರ. ೦.೭ ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯ ಭಾರ ಅಷ್ಟೇ ಜಾಗಕ್ಕೆ ಎರಡು ಕಿಲೋಗ್ರಾಮಿನ ಆಸುಪಾಸು. ದಣಿದ ಗೋಡೆಗೂ ತೊಲೆಗೂ ಇದು ದೊಡ್ಡ ಬಿಡುಗಡೆಯೇ ಸರಿ. ಆದರೆ ಹಂಚು ತನ್ನ ಭಾರದಿಂದಲೇ ಕುಳಿತಿರುತ್ತದೆ. ಹಾಳೆ ಬಿಗಿದ ಸ್ಕ್ರೂಗಳ ಬಲದಿಂದ ಮಾತ್ರ ನಿಲ್ಲುತ್ತದೆ. ಸೂರಿನ ಅಂಚಿನಲ್ಲಿಯೂ ಮಾಡಿನ ನೆತ್ತಿಯಲ್ಲಿಯೂ ಗಾಳಿಯ ಸೆಳೆತ ಅಧಿಕ. ಅಲ್ಲಿ ಸ್ಕ್ರೂಗಳು ಒತ್ತೊತ್ತಾಗಿರಬೇಕು, ಪಕಾಸಿಗಳನ್ನು ಗೋಡೆಗೆ ಬಂಧಿಸಿರಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಮೂರು ಪಟ್ಟು ಸುಲಭವಾಗಿ ಬಾಗುವುದರಿಂದ ಆಧಾರದ ಪಟ್ಟಿಗಳ ಅಂತರವೂ ಕಿರಿದಾಗಿರಬೇಕು.

ಬಿಸಿಲಿಗೆ ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಐದು ಮೀಟರ್ ಉದ್ದದ ಹಾಳೆ ೪೦ ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು ೪.೭ ಮಿ.ಮೀ. ಬೆಳೆಯುತ್ತದೆ. ತೂತು ಬಿಗಿಯಾಗಿದ್ದರೆ ಈ ನಿತ್ಯದ ಹಿಗ್ಗು ಕುಗ್ಗುಗಳಿಂದ ಅದು ಸೀಳಿ ನೀರಿಗೆ ದಾರಿಯಾಗುತ್ತದೆ.

ಈ ಲೋಹದ ವೈರಿಗಳು

ತಾಮ್ರ ಇದರ ಪರಮ ವೈರಿ. ತಾಮ್ರದ ಸಿಡಿಲು ತಂತಿಯನ್ನು ನೇರವಾಗಿ ಇದಕ್ಕೆ ತಾಗಿಸಬಾರದು. ಅಡಿಕೆ ಬೆಳೆಗಾರರು ಇನ್ನೊಂದನ್ನು ಗಮನಿಸಬೇಕು: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವೂ ಇದೆ, ಸುಣ್ಣವೂ ಇದೆ, ತಾಮ್ರದ ಲವಣ, ಕ್ಷಾರ ಎರಡೂ ಈ ಲೋಹಕ್ಕೆ ಆಗವು. ಮನೆಗೆ ತಾಗಿದಂತೆ ತೋಟವಿದ್ದರೆ, ಸಿಂಪಡಣೆಯ ಹನಿ ಮಾಡಿನ ಮೇಲೆ ಬಿದ್ದ ದಿನವೇ ನೀರಿನಿಂದ ತೊಳೆಯುವುದು ಲೇಸು. ಹಸಿ ಸಿಮೆಂಟು, ಸುಣ್ಣದ ಗಾರೆ, ಒದ್ದೆ ಬೂದಿ ಇವೂ ವರ್ಜ್ಯ. ಬಿಗಿಯಲು ಬರಿಯ ಕಬ್ಬಿಣದ ಮೊಳೆ ಸಲ್ಲದು; ರಬ್ಬರ್ ವಾಷರಿನೊಡನೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಒಳ್ಳೆಯದು.

ಹೊಗೆ, ಸದ್ದು, ಸೆಕೆ

ಹಂಚಿನ ಸಂದಿಗಳಲ್ಲಿ ಒಲೆಯ ಹೊಗೆ ತಾನಾಗಿ ಹೊರಬೀಳುತ್ತಿತ್ತು. ಹಾಳೆ ಹೊದಿಸಿದ ಮೇಲೆ ಆ ದಾರಿ ಮುಚ್ಚುತ್ತದೆ. ಸೌದೆ ಉರಿಸುವ ಅಡಿಗೆಮನೆಗೂ ಬಚ್ಚಲಿಗೂ ಹೊಗೆಗೂಡಿಲ್ಲದಿದ್ದರೆ ಕಷ್ಟಪಡುವವರು ಮನೆಯ ಹೆಣ್ಣುಮಕ್ಕಳೇ. ತಣ್ಣನೆಯ ರಾತ್ರಿಗಳಲ್ಲಿ ಒಳಗಿನ ಆವಿ ಹಾಳೆಯ ಕೆಳಮೈಯಲ್ಲಿ ನೀರಾಗಿ ತೊಟ್ಟಿಕ್ಕುವುದುಂಟು. ಅದನ್ನು ಸೋರಿಕೆಯೆಂದು ತಿಳಿದು ಸ್ಕ್ರೂ ಬಿಗಿದರೆ ಪ್ರಯೋಜನವಿಲ್ಲ, ಗಾಳಿಯಾಡುವಂತೆ ಮಾಡಬೇಕು. ಮಳೆಯ ಸದ್ದಿಗೂ ಮಧ್ಯಾಹ್ನದ ಕಾವಿಗೂ ಒಂದೇ ಉಪಾಯ: ಹಾಳೆಯ ಕೆಳಗೆ ಗಾಳಿಯ ತೆರಪು ಬಿಟ್ಟು ಒಳಮುಚ್ಚಿಗೆ ಹಾಕುವುದು. ವರ್ಷಕ್ಕೆ ೭೦೦೦ ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥಲ್ಲಿ, ನಿದ್ರೆ ಕಡಿಮೆಯಾದ ವೃದ್ಧರ ಕೋಣೆಗೆ ಇದು ಅವಶ್ಯವೇ ಸರಿ.

ಒಂದು ಕುಟುಂಬದ ನಿರ್ಣಯ

ನಮ್ಮ ಪರಿಚಯದ ಅವಿಭಕ್ತ ಕುಟುಂಬವೊಂದರಲ್ಲಿ ಈ ವಿಷಯವಾಗಿ ಅಣ್ಣತಮ್ಮಂದಿರ ನಡುವೆ ಮಾತು ಬೆಳೆದಿತ್ತು. ಅಜ್ಜ ಹೊದಿಸಿದ ಹಂಚನ್ನು ಇಳಿಸಲು ಅಣ್ಣ ಒಪ್ಪಲಿಲ್ಲ. ವರ್ಷವರ್ಷವೂ ಆಳಿಗಾಗಿ ಅಲೆಯಲು ತಮ್ಮ ಸಿದ್ಧನಿರಲಿಲ್ಲ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಕೊನೆಗೆ ತಾಯಿಯವರು, “ಬಿರುಕಿಲ್ಲದ ಹಂಚೆಷ್ಟಿದೆ, ಮೊದಲು ಎಣಿಸಿರಪ್ಪ” ಎಂದರು. ಎಣಿಸಿದಾಗ ನಡುಮನೆಗೂ ಪೂಜೆಯ ಕೋಣೆಗೂ ಸಾಲುವಷ್ಟು ಗಟ್ಟಿ ಹಂಚು ದೊರೆಯಿತು. ಆ ಭಾಗಕ್ಕೆ ಅದನ್ನೇ ಹೊದಿಸಿ, ಹೊರಜಗಲಿ, ಕೊಟ್ಟಿಗೆ, ಅಡಿಕೆ ಮನೆಗಳಿಗೆ ಅಲ್ಯೂಮಿನಿಯಂ ಹಾಕಿಸಿದರು. ಸಾಲದ ಹೊರೆ ತಗ್ಗಿತು, ಮನಸ್ತಾಪವೂ ತಗ್ಗಿತು.

ಕೊಳ್ಳುವ ಮುನ್ನ

ವ್ಯಾಪಾರಿಯಲ್ಲಿ ಈ ಸಂಗತಿಗಳನ್ನು ಬರೆಯಿಸಿಕೊಳ್ಳಬೇಕು: ಲೋಹ ಯಾವುದು, ಹೇಳಿದ ದಪ್ಪ ಲೋಹದ್ದೋ, ಬಣ್ಣವೂ ಸೇರಿದ್ದೋ, ಬಣ್ಣದ ಜಾತಿ ಯಾವುದು, ಭರವಸೆಯ ಅವಧಿ ಎಷ್ಟು, ಅದು ಬಣ್ಣಕ್ಕೋ, ತೂತು ಬೀಳದಿರುವುದಕ್ಕೋ. ಬೆಲೆಯನ್ನು ಹಾಳೆಗೆ ಮಾತ್ರ ಕೇಳದೆ ಸ್ಕ್ರೂ, ನೆತ್ತಿಯ ಮುಚ್ಚಳ, ನೀರಿನ ದೋಣಿ, ಒಳಮುಚ್ಚಿಗೆ, ಕೂಲಿ ಎಲ್ಲವನ್ನೂ ಕೂಡಿಸಿ ಕೇಳಬೇಕು. ಅಲ್ಯೂಮಿನಿಯಮ್ಮಿಗೆ ಕೊಟ್ಟ ಹೆಚ್ಚಿನ ಹಣದಲ್ಲಿ ಒಂದು ಪಾಲು ಗುಜರಿಯ ಬೆಲೆಯಾಗಿ ಮಕ್ಕಳ ಕಾಲಕ್ಕೆ ಹಿಂದಿರುಗುತ್ತದೆ. ಹಳೆಯದನ್ನು ಕರಗಿಸಲು ಹೊಸ ಲೋಹಕ್ಕೆ ಬೇಕಾಗುವ ಶಕ್ತಿಯ ನೂರಕ್ಕೆ ಐದರಷ್ಟು ಪಾಲು ಸಾಕಾಗುವುದರಿಂದ ಇದಕ್ಕೆ ಸದಾ ಬೇಡಿಕೆಯುಂಟು.

ಮಳೆಗೆ ಇನ್ನೂ ಮೂರು ತಿಂಗಳಿರುವಾಗಲೇ ಹಿರಿಯರು, ಕಿರಿಯರು, ಅಡಿಗೆಮನೆಯವರು ಎಲ್ಲರೂ ಕೂಡಿ ಕುಳಿತು ಈ ಮಾತನ್ನು ಆಡುವುದು ಒಳ್ಳೆಯದು. ಮೋಡ ಕವಿದ ಮೇಲೆ ಮಾಡಿದ ಆಯ್ಕೆ ವ್ಯಾಪಾರಿಯದಾಗುತ್ತದೆ, ಮನೆಯವರದಾಗುವುದಿಲ್ಲ.